ಮಾನ್ವಿ ರಸ್ತೆಯ ಫೋಟೊದಲ್ಲಿ ಅವ್ವ

ರಾಯಚೂರು

ಹುಲಗಪ್ಪಣ್ಣಾ,

ಇವತ್ತು ಬೆಳಿಗ್ಗೆ ಆಫೀಸಿನಲ್ಲಿ ಅವ್ವನ ಕೈ ಕಂಡೆ. ವೇಗ ಮೀರಿದ ಗಾಡಿಗಳನ್ನು ಕ್ಯಾಮೆರಾ ಹಿಡಿದು ಕಳಿಸುತ್ತದೆ, ಅವುಗಳ ನಂಬರ್ ದಾಖಲಿಸುವುದು ಇಲ್ಲಿ ನನ್ನ ಕೆಲಸ. ಮಾನ್ವಿ ರಸ್ತೆಯ ಫೋಟೊದಲ್ಲಿ ನಿನ್ನ ಕ್ರೂಸರ್ ಇತ್ತು. ಅವ್ವ ಎರಡೂ ಅಂಗೈಗಳನ್ನು ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. ನೀನು ನಗುತ್ತಿದ್ದೆ. ಅಮಾವಾಸ್ಯೆ ಪೂಜೆಯ ಹಾರ ಜಾರಿ ನಂಬರ್ ಪ್ಲೇಟನ್ನು ಮುಚ್ಚಿತ್ತು.

ಪಕ್ಕದ ಕುರ್ಚಿಯ ವಿಜಯಶ್ರೀ ಇಣುಕಿ ನೋಡಿದಳು. "ಮದುಮಗನ ಗಾಡಿ ಆಗ್ಯಾದಲ್ಲಬೇ! ನಂಬರ್ ಕಾಣವಲ್ದು, ತೆಗೆದುಬಿಡು. ಆದ್ರ ಮುದುಕಿನ ನೋಡು, ಜೀವಾ ಕೈಯಾಗ ಹಿಡಕೊಂಡು ಕುಂತಾಳ!" ಎಂದು ನಕ್ಕಳು. ನಾನೂ ನಕ್ಕೆ. ಅದು ನಮ್ಮ ಅವ್ವ ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಕೇಳಿದರೆ ಅವ್ವ "ಆರಾಮ ಬಂದ್ವಿ" ಅಂತಲೇ ಹೇಳುತ್ತಾಳೆ. ನಿನ್ನ ಮುಂದೆ ಎಂದೂ ಭಯ ತೋರಿಸುವವಳಲ್ಲ.

ನನ್ನ ಜ್ವರ ಇಳಿದಿದೆ, ಚಿಂತೆ ಬೇಡ. ದಂಡದ ನೋಟಿಸ್ ಬಂದರೆ ಮನೆಯಲ್ಲಿ ಎಷ್ಟು ಕಷ್ಟವಾಗುತ್ತದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹಾರ ಮುಚ್ಚಿದರೂ ನಿನ್ನ ಗಾಡಿಯ ನಂಬರ್ ನನಗೆ ಬಾಯಿಪಾಠ. ಈ ಕಾರ್ಡನ್ನು ಅಂಚೆ ಡಬ್ಬಿಗೆ ಹಾಕಿ, ಮತ್ತೆ ಆಫೀಸಿಗೆ ಹೋಗಿ ಆ ನಂಬರನ್ನು ದಾಖಲಿಸುತ್ತೇನೆ.

ರಾಧಾ