ರೋಸೀನಾಳ ವರ್ಷ, ಶನಿವಾರದ ವಿಮಾನ

ಮಾರ್ಚ್ 9, 1968. ಎಬೈ ದ್ವೀಪ

ಇಲ್ಲ ಕೈಬುಕಿ ಮಾವ, ಒಪ್ಪುವುದಿಲ್ಲ. ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ— "ಹೆಮ್ಟನ್, ಔತಣಕ್ಕೆ ನೀನ್ಯಾಕೋ? ನಿನ್ನ ಸಂಬಳದ ಅಕ್ಕಿ ಬಂದ್ರೆ ಸಾಕು." ಅದಕ್ಕೆ ಉತ್ತರ ಈ ಡೈರಿಯಲ್ಲೇ ಬರೆಯುತ್ತೇನೆ. ಕೆಲಸ ಕೊಡಿಸಿದವರು ನೀವು. ಆದರೆ ರೋಸೀನಾ ನನ್ನ ಲಿಜೋನಕ್ಕನ ಮಗಳು. ಅವಳಪ್ಪ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ಬರುವ ಶನಿವಾರ ಅವಳಿಗೆ ವರ್ಷ. ಕೇಮೆಮ್— ಕೂಸಿಗೆ ವರ್ಷ ತುಂಬಿದ ಔತಣ. ಊರೆಲ್ಲ ಬರುತ್ತದೆ. ಆಗ ಮಗುವಿನ ಪಕ್ಕ ನಿಲ್ಲುವುದು ಅಕ್ಕಿಮೂಟೆಯಾ?

ಮಾರ್ಚ್ 11

ಬೆಳಗಿನ ಬೋಟು. ಆಚೆಯ ಮಿಲಿಟರಿ ದ್ವೀಪದ ಗೇಟಲ್ಲಿ ಪಾಸ್ ತೋರಿಸು. ಸಂಜೆ ಬ್ಯಾಗ್ ಬಿಚ್ಚಿ ತೋರಿಸು. ರನ್‌ವೇಯ ಕೊನೆ ನಮ್ಮಜ್ಜಿಯ ಜಾಗ— ಅಲ್ಲಿ ಕಾಲಿಡಲು ನನಗೆ ಪಾಸ್!

ಬಾಸ್ ಹಾಲ್ವರ್ಸನ್ ಹತ್ತಿರ ರಜೆ ಕೇಳಿದೆ.

"ಶನಿವಾರ ಮಿಲಿಟರಿಯವರ ಚಾರ್ಟರ್ ವಿಮಾನ ಇದೆಯಪ್ಪ. ಲಗೇಜ್ ಇಳಿಸೋರ್ಯಾರು? ಬರ್ತ್‌ಡೇ ತಾನೇ, ಭಾನುವಾರ ಕೇಕ್ ಕತ್ತರಿಸಿ."

"ಭಾನುವಾರ ಅವಳಿಗೆ ವರ್ಷ ತುಂಬಲ್ಲ ಸಾರ್. ವರ್ಷದ ಮೇಲೊಂದು ದಿನ ಆಗುತ್ತೆ."

ನಕ್ಕ. ಕೆಟ್ಟವನಲ್ಲ. ಎಷ್ಟು ಕೂಸುಗಳು ವರ್ಷ ಕಾಣದೆ ಹೋದವು ಅಂತ ಅವನಿಗೇನು ಗೊತ್ತು. ಅಕ್ಕನದೇ ಒಂದು.

ಕೊನೆಗೆ— ವಿಮಾನ ಮಧ್ಯಾಹ್ನವೇ ಬರುತ್ತೆ, ಇಳಿಸಿ ಸಂಜೆ ಬೋಟು ಹಿಡಿ ಅಂದ. ಸರಿ ಅಂದೆ.

ಮಾರ್ಚ್ 15

ಹಂದಿ ತಂದು ಕಟ್ಟಿದ್ದಾರೆ. ಲಿಜೋನಕ್ಕ ಡೋನಟ್ ಹಿಟ್ಟು ನಾದುತ್ತಿದ್ದಳು. "ನೀನು ಬರೋವರೆಗೂ ಊಟಕ್ಕೆ ಮುಂಚಿನ ಹಾಡು ಶುರು ಮಾಡ್ಸಲ್ಲ ಕಣೋ."

"ಜನ ಹಸ್ಕೊಂಡಿರ್ತಾರೆ ಅಕ್ಕ."

"ಇರ್ಲಿ ಬಿಡು. ನಾನು ವರ್ಷವೆಲ್ಲ ನಿದ್ದೆಗೆಟ್ಟಿಲ್ವಾ? ಅವ್ರು ಒಂದು ಸಂಜೆ ಹಸ್ಕೊಳ್ಲಿ."

ಮಾರ್ಚ್ 16. ಸಂಜೆ, ಲಗೇಜ್ ಶೆಡ್

ವಿಮಾನ ಬಂದಿಲ್ಲ. ಹೊನೊಲುಲುವಿನಲ್ಲೇ ತಡವಂತೆ. ಈಗ ಸಮುದ್ರದ ಮೇಲೆ ಎಲ್ಲೋ ಇದೆ... ಬೋಟು ಕಟ್ಟೆಗೆ ಬಂದು ನಿಂತಿದೆ. ಇದು ತಪ್ಪಿದರೆ ಮುಂದಿನದು ನಾಳೆಯೇ.

ಬಾಸ್ ಬಂದು ಹೇಳಿ ಹೋದ— "ಹೋಗೋನು ಪಾಸ್ ಮೇಜಿನ ಮೇಲಿಟ್ಟು ಹೋಗ್ಲಿ. ಸೋಮವಾರ ಬರೋದು ಬೇಡ."

ಪೆಟ್ಟಿಗೆಗಳ ಮೇಲೆ ಮಲಗಿದ್ದ, ನಮ್ಮ ಲಗೇಜ್ ಗುಂಪಿನ ಮುದುಕ ಲೋಕ್ರಪ್ ಕಣ್ಣು ತೆರೆಯದೆಯೇ ಅಂದ— "ಕೂತ್ಕೊಳ್ಳೋ ಹೆಮ್ಟನ್. ಪಾಸ್ ಹೋದ್ರೆ ಆ ಕೂಸಿಗೆ ಹಾಲು ಎಲ್ಲಿಂದ ತರ್ತೀಯ?"

"ಮೀನು ಹಿಡೀತೀನಿ ತಾತ. ಮೀನು ಪಾಸ್ ಕೇಳಲ್ಲ."

"ಹಾಲು ಕೊಡೋ ಮೀನು ನಾನಂತೂ ಕಂಡಿಲ್ಲಪ್ಪ."

ಎಲ್ಲರೂ ನಕ್ಕರು. ನಾನೂ.

ತಾತ ಹೇಳಿದ್ದು ಸುಳ್ಳಲ್ಲ. ಇರಲಿ. ಅವರ ವಿಮಾನ ತಡವಾದರೆ ನಾವು ಕಾಯಬೇಕು. ನಮ್ಮ ಮಗು ಒಂದು ವರ್ಷ ಬದುಕಿ ಉಳಿದಿದೆ, ಅದಕ್ಕೆ ಅವರು ಒಂದು ಸಂಜೆ ಕಾಯಲಾರರಾ? ಕಾಯಲಿ. ಲಗೇಜ್ ಅಲ್ಲೇ ಬಿದ್ದಿರಲಿ.

ಬೋಟಿನ ಹಾರ್ನ್. ಪಾಸ್ ಮೇಜಿನ ಮೇಲಿಟ್ಟೆ, ಫೋಟೋ ಮೇಲೆ ಬರುವ ಹಾಗೆ. ಮುಖ ನೋಡಲಿ.

"ಲೋ, ನನ್ನ ಪಾಲಿನ ಹಂದಿಮಾಂಸ ತೆಗೆದಿಡೋ!"— ತಾತ.

ಹೊರಟೆ. ಉಳಿದದ್ದು ಬೋಟಿನಲ್ಲಿ ಬರೆಯುತ್ತೇನೆ.