ಗುರುಗಳ ಪ್ರೋಗ್ರಾಮು ಅಳಿಸಿದ್ದು

ಮಾರ್ಚ್ ೧೨, ಮಂಗಳವಾರ

ಗುರುಗಳ ಮುಖ ಕಣ್ಣಿಂದ ಹೋಗುತ್ತಿಲ್ಲ. ಹೋಗಲೆಂಬ ಆತುರ ನನಗೂ ಇಲ್ಲ.

ಕೆಲಸ ಕಲಿಸಿದವರೆಂದು ಅವರನ್ನು ಹಾಗೆ ಕರೆಯುತ್ತೇನೆ. ಈಗ ನಾನೇ ಅವರ ಮೇಲಧಿಕಾರಿ. ಆಸ್ಪತ್ರೆಯಲ್ಲಿ ಯಾವ ರೋಗಿಯನ್ನು ಮೊದಲು ನೋಡಬೇಕೆಂದು ಹೇಳುವ ಪ್ರೋಗ್ರಾಮನ್ನು ಅವರು ವರ್ಷದಿಂದ ತಿದ್ದುತ್ತಲೇ ಇದ್ದರು. ನಾನು ಒಂದೇ ವಾರದಲ್ಲಿ ಇನ್ನೊಂದು ಬರೆದೆ: ನರ್ಸ್ ಕೆಂಪು ಗುಂಡಿ ಒತ್ತಿದರೆ ಆ ರೋಗಿ ಮುಂದಕ್ಕೆ. ಅಷ್ಟೇ.

ಇವತ್ತು ಹಿರಿಯ ನರ್ಸ್ ಬಂದು ಎರಡನ್ನೂ ನೋಡಿದರು. ಗುರುಗಳದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿತು.

"ಇದಕ್ಕೆ ಉತ್ತರ ಕೊಡೋಷ್ಟರಲ್ಲಿ ರೋಗಿ ಹೋಗೇಬಿಟ್ಟಿರ್ತಾನೆ," ಎಂದರು ನರ್ಸ್. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನು.

"ಇಬ್ಬರಿಗೆ ಒಟ್ಟಿಗೇ ಕೆಂಪು ಒತ್ತಿದ್ರೆ?" ಗುರುಗಳು ಕೇಳಿದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

"ನಾವು ನೋಡ್ಕೋತೀವಿ. ಇಷ್ಟು ದಿನ ಇನ್ನೇನು ಮಾಡ್ತಿದ್ವಿ?" ನರ್ಸ್ ಎದ್ದು ಹೊರಟರು.

"ಇನ್ನೊಂದು ವಾರ ಕೊಡಮ್ಮ," ಎಂದರು ಗುರುಗಳು ನನ್ನತ್ತ ತಿರುಗಿ.

"ನಿಮ್ಮದು ತುಂಬಾ ಚೆನ್ನಾಗಿದೆ ಗುರುಗಳೇ. ಫ್ರೇಮ್ ಹಾಕಿಸಿ ಮನೇಲಿ ನೇತುಹಾಕ್ಕೊಳ್ಳಿ." ಎಂದೆ. ಅವರೆದುರಿಗೇ ಅವರ ಪ್ರೋಗ್ರಾಮನ್ನು ಪೂರ್ತಿ ಅಳಿಸಿದೆ.

ಅವರು ನನ್ನ ಪರದೆಯತ್ತ ಬಾಗಿದರು. "ಕೆಂಪು ಗುಂಡಿ ಮೇಲೆ 'ತುರ್ತು' ಕಾಗುಣಿತ ತಪ್ಪಾಗಿದೆ, ತಿದ್ದಿಬಿಡು."

"ಇರಲಿ ಬಿಡಿ, ಕೆಲಸ ನಡೆಯುತ್ತೆ."

ತಿದ್ದಲು ನಿಮಿಷವೂ ಬೇಡ. ಆದರೆ ನರ್ಸುಗಳಿಗೆ ನನ್ನ ಪ್ರೋಗ್ರಾಮು ಕಲಿಸುವ ಕೆಲಸವನ್ನು ನಾಳೆಯಿಂದ ಅವರಿಗೇ ಕೊಟ್ಟಿದ್ದೇನೆ. ಆ ತಪ್ಪು ದಿನಾ ಅವರ ಕಣ್ಣಿಗೆ ಚುಚ್ಚುತ್ತಿರಲಿ...