ಬಳೆ ತೊಟ್ಟ ನನ್ನ ಕೈ ಮತ್ತು ತಾವು ಒಪ್ಪಿದ 'ನಿಜವಾದ ಕುಟುಂಬ'

ಜಾಹೀರಾತುಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಈಚೆಗೆ ಟೀವಿ ಹಾಕಿದರೆ ಸಾಕು, ಒಂದು ಬಾಣಲೆಯ ಜಾಹೀರಾತು ಬರುತ್ತದೆ. ಅದರಲ್ಲಿ ಸೋಫಾದ ಮೇಲೆ ಕಾಲು ಚಾಚಿ, ಪೇಪರು ಓದುತ್ತಾ, 'ಆಹಾ' ಎಂದು ಮೂಗರಳಿಸುವ ಗಂಡಸು ನಾನು. ಅಡುಗೆಮನೆಯಲ್ಲಿ ನಗುನಗುತ್ತಾ ನಿಂತವಳು ನನ್ನ ಹೆಂಡತಿ. ಕೆಳಗೆ 'ನಟರಲ್ಲ, ನಿಜವಾದ ಕುಟುಂಬ' ಎಂಬ ಅಕ್ಷರ. ಕುಟುಂಬವೇನೋ ನಿಜ ಸ್ವಾಮಿ, ಉಳಿದದ್ದೆಲ್ಲ ಶುದ್ಧ ಸುಳ್ಳು. ಆ ಸುಳ್ಳನ್ನು ನಮ್ಮ ಆರು ವರ್ಷದ ಮಗಳು ನಂಬಿ ಕೂತಿದ್ದಾಳೆ. ಹಾಗಾಗಿ ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವ ಧೈರ್ಯ ಮಾಡಿದ್ದೇನೆ.

ಮೊದಲು ನಮ್ಮ ಮನೆಯ ವಿಚಾರ. ನಾನು ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಒಲೆ. ಎರಡರ ನಡುವೆ ಓಡಾಡಿ ನನ್ನ ಹೊಟ್ಟೆ ಕರಗಬೇಕಿತ್ತು, ಕರಗಿಲ್ಲ. ನನ್ನ ಹೆಂಡತಿ ಎತ್ತರದ ಕಟ್ಟಡಗಳು ಏಳುವ ಕಡೆ ಕ್ರೇನ್ ಓಡಿಸುತ್ತಾಳೆ. ಕಬ್ಬಿಣದ ತೊಲೆಯನ್ನು ಮಲಗಿದ ಮಗುವಿನ ಹಾಗೆ ಎತ್ತಿ, ಇಡಬೇಕಾದ ಕಡೆಯೇ ಇಡುತ್ತಾಳೆ. ಅದೇ ಹೆಂಗಸು ಅಡುಗೆಮನೆಗೆ ಬಂದರೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುತ್ತಾಳೆ, ಪ್ರತಿ ಸಲವೂ. ಮದುವೆಯಾದ ಹೊಸದರಲ್ಲಿ ಕೆಲವು ದಿನ ಅವಳ ಅಡುಗೆಯನ್ನೇ ಉಂಡೆವು. ಆಮೇಲೆ ಯಾವ ಜಗಳವೂ ಇಲ್ಲದೆ, ಇಬ್ಬರ ಆರೋಗ್ಯದ ದೃಷ್ಟಿಯಿಂದ ಸೌಟು ನನ್ನ ಕೈಗೆ ಬಂತು.

ನನ್ನ ಅಕ್ಕ ಸುಮ್ಮನಿರಲಾರದೆ ನಮ್ಮ ಅಡುಗೆಮನೆಯ ಫೋಟೋವನ್ನು ಬಾಣಲೆ ಕಂಪನಿಗೆ ಕಳಿಸಿದಳು. ಇಷ್ಟು ಅಚ್ಚುಕಟ್ಟಾದ ಅಡುಗೆಮನೆ ಬೇರೆ ಸಿಗಲಿಲ್ಲವೆಂದು ಅವರು ಕ್ಯಾಮೆರಾ, ದೀಪ, ವೈರು ಸಮೇತ ಬಂದಿಳಿದರು. ನಾನು ಹಿಗ್ಗಿ ಹೀರೇಕಾಯಿಯಾಗಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಲೆಯ ಮುಂದೆ ನಿಂತೆ. ನಿರ್ದೇಶಕ ನನ್ನ ಭುಜ ಹಿಡಿದು ಮೆಲ್ಲಗೆ ಹೊರಗೆ ಕರೆತಂದ.

"ಸಾರ್, ನೀವು ಸೋಫಾದಲ್ಲಿ ಕೂತ್ಬಿಡಿ. ಮೇಡಂ ಒಲೆ ಹತ್ರ ಬರ್ಲಿ."

"ಅಡುಗೆ ಮಾಡೋದು ನಾನಪ್ಪ."

"ಗೊತ್ತು ಸಾರ್. ಆದ್ರೆ ಹಾಗೆ ತೋರಿಸಿದ್ರೆ ಜನ ನಾಟಕ ಅಂತಾರೆ. ನಿಜ ಅನ್ನಿಸ್ಬೇಕಲ್ವಾ?"

ನಿಜ ಅನ್ನಿಸಲು ಸುಳ್ಳು ಹೇಳಬೇಕೆಂಬ ಈ ಘನವಾದ ತತ್ವ ನನಗೆ ಅದುವರೆಗೆ ತಿಳಿದಿರಲಿಲ್ಲ. ಬಾಣಲೆಗಳನ್ನೆಲ್ಲ ಇಲ್ಲೇ ಬಿಟ್ಟುಹೋಗುತ್ತೇವೆ ಅಂದರು, ಹೋಗಲಿ ಅತ್ತ ಎಂದು ಕೂತೆ. ನನ್ನ ಹೆಂಡತಿ ಬಾಣಲೆಯ ಹಿಡಿಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. "ಇದಕ್ಕೆ ಬ್ರೇಕ್ ಎಲ್ಲಿದೆ?" ಅಂದಳು. ಮೊದಲ ಮೊಟ್ಟೆ ನೆಲಕ್ಕೆ ಬಿತ್ತು, ಎರಡನೆಯದು ಕ್ಯಾಮೆರಾದವನ ಬೂಟಿಗೆ. ಮೂರನೆಯದು ಕರಕಲಾಗುವುದನ್ನು ನೋಡಲಾರದೆ ಕೂತಲ್ಲಿಂದಲೇ "ಉರಿ ಸಣ್ಣ ಮಾಡೇ" ಅಂದೆ. ನಿರ್ದೇಶಕನಿಗೆ ರೇಗಿತು. "ಸಾರ್, ನೀವು ಪೇಪರ್ ಓದಿ. ನಿಮ್ಗೆ ಅಡುಗೆ ವಿಷ್ಯ ಗೊತ್ತಿಲ್ಲ."

ಕೊನೆಗೆ ಮೊಟ್ಟೆ ಮಗುಚುವ ಕೈಯನ್ನು ಮಾತ್ರ ಹತ್ತಿರದಿಂದ ತೋರಿಸುವುದೆಂದು ತೀರ್ಮಾನವಾಯಿತು. ಆ ಕೈ ನನ್ನದು. ಕೂದಲು ಬೋಳಿಸಿದರು, ಹಸಿರು ಬಳೆ ತೊಡಿಸಿದರು. ಕೈಗೆ ಬಳೆ ತೊಟ್ಟು ಕೂತಿದ್ದೀಯಾ ಎಂದು ಗಂಡಸರನ್ನು ಬೈಯುವುದನ್ನು ಕೇಳುತ್ತಲೇ ಬೆಳೆದವನು ನಾನು. ತೊಟ್ಟು ನೋಡಿದ ಮೇಲೆ ಹೇಳುತ್ತೇನೆ, ಬಳೆಗಳಿಂದ ಶೌರ್ಯಕ್ಕೆ ಏನೂ ಧಕ್ಕೆಯಾಗುವುದಿಲ್ಲ, ಸ್ವಲ್ಪ ಸದ್ದಾಗುತ್ತದೆ, ಅಷ್ಟೆ.

ಇಲ್ಲಿಗೆ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನಮ್ಮ ಮಗಳು ದಿನಾ ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲಿ ನಿಂತು ಮೊಟ್ಟೆ ಕದಡುತ್ತಿದ್ದವಳು. ದೊಡ್ಡವಳಾದ ಮೇಲೆ ಕ್ರೇನ್ ಓಡಿಸುತ್ತೇನೆಂದು ಹಾಲಿನವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರಿಗೂ ಸಾರಿದವಳು. ಜಾಹೀರಾತು ಬಂದ ಮೇಲೆ ಶಾಲೆಯಲ್ಲಿ ಅವಳದೇ ದರ್ಬಾರು. ಒಂದು ಸಂಜೆ ನಾನು ಮೊಟ್ಟೆ ಒಡೆಯಲು ಕರೆದರೆ ಬರಲಿಲ್ಲ. "ಅಮ್ಮ ಬರ್ಲಿ. ಅಡುಗೆ ಮಾಡೋದು ಅಮ್ಮ. ನೀನು ಸುಮ್ನೆ ಸಹಾಯ ಮಾಡ್ತೀಯ" ಅಂದಳು. ದುಡಿದು ಸುಸ್ತಾಗಿ ಬಂದ ಅವಳಮ್ಮ, "ಲೇ, ಮಾಡೋದು ನಿಮ್ಮಪ್ಪನೇ ಕಣೇ" ಅಂದರೆ, ಅಮ್ಮನ ಕಿವಿಯಲ್ಲಿ ಮಗಳು ಹೇಳಿದ್ದು: "ಅಪ್ಪಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀಯ, ನಂಗೊತ್ತು." ಕ್ರೇನಿನ ಮಾತಂತೂ ನಿಂತೇಹೋಯಿತು. ಅದು ಅಪ್ಪಂದಿರ ಕೆಲಸವಂತೆ.

ತಮ್ಮ ಕಚೇರಿಗೆ ದೂರು ಕೊಟ್ಟೆ. ಬಾಣಲೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ, ಮೊಟ್ಟೆ ಅಂಟುವುದಿಲ್ಲ, ಆದಕಾರಣ ಜಾಹೀರಾತಿನಲ್ಲಿ ತಪ್ಪು ಮಾಹಿತಿ ಇಲ್ಲವೆಂದು ಉತ್ತರ ಬಂತು. ಎಂಥ ಕಟ್ಟುನಿಟ್ಟು! ಮೊಟ್ಟೆ ಬಾಣಲೆಗೆ ಅಂಟದೆಂಬುದನ್ನು ಒಪ್ಪಿದೆ. ಮಗುವಿನ ತಲೆಗೆ ಏನು ಅಂಟುತ್ತದೆಂದು ಯಾವ ಪ್ರಯೋಗಾಲಯದಲ್ಲಿ ನೋಡಿದಿರಿ? ತಾವು ಮುದ್ರೆಯೊತ್ತಿದ ಜಾಹೀರಾತುಗಳಲ್ಲಿ ಬಟ್ಟೆ ಒಗೆಯುವವಳು ಹೆಂಗಸು, ಒಗೆಯುವುದು ಹೇಗೆಂದು ಅವಳಿಗೆ ವಿವರಿಸಲು ಬಿಳಿ ಕೋಟಿನ ಗಂಡಸು. ಆ ಪುಣ್ಯಾತ್ಮ ಜನ್ಮದಲ್ಲಿ ಒಂದು ಕಾಲುಚೀಲವನ್ನಾದರೂ ಹಿಂಡಿದ್ದಾನೆಯೇ? ಕಾರು ಓಡಿಸುವವನು ಅವನು, ಪಕ್ಕದಲ್ಲಿ ಕೂತು ಕೂದಲು ಹಾರಿಸಿಕೊಳ್ಳುವವಳು ಅವಳು. ತಲೆನೋವು ಬರುವುದು ಅವಳಿಗೆ, ಮಾತ್ರೆ ನುಂಗಿ ಎದ್ದು ಚಹಾ ಮಾಡಬೇಕಾದವಳೂ ಅವಳೇ. ಇಷ್ಟೊಂದು ಮನೆಗಳನ್ನು ತೋರಿಸುತ್ತೀರಲ್ಲ, ನಮ್ಮಂಥ ಒಂದು ಮನೆ ತಮ್ಮ ಕಣ್ಣಿಗೆ ಬೀಳಲೇ ಇಲ್ಲವೇ? ಬಾಣಲೆಯವರ ಕಣ್ಣಿಗೆ ಬಿದ್ದಿತ್ತು. ಅದನ್ನೂ ತಿದ್ದಿ ಉಳಿದವುಗಳ ಹಾಗೆಯೇ ಮಾಡಿಬಿಟ್ಟರು.

ಕಳೆದ ವಾರ, ಕಣ್ಣಾರೆ ನೋಡಲಿ ಎಂದು ಮಗಳನ್ನು ಅವಳಮ್ಮ ಕೆಲಸ ಮಾಡುವ ಕಡೆಗೆ ಕರೆದುಕೊಂಡು ಹೋದೆ. ಬೇಲಿಯ ಹೊರಗೆ ನಿಂತು ನೋಡಿದೆವು. ಆಕಾಶದಲ್ಲಿ ತೊಲೆಯೊಂದು ನಿಧಾನವಾಗಿ ತಿರುಗಿ ತನ್ನ ಜಾಗದಲ್ಲಿ ಕೂತಿತು. ಕೆಲಸ ಮುಗಿಸಿ, ತಲೆಗೆ ಹೆಲ್ಮೆಟ್ ಹಾಕಿಕೊಂಡ ಅವಳಮ್ಮ ಇಳಿದು ನಮ್ಮ ಹತ್ತಿರ ಬಂದಳು. ಮಗಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಸುತ್ತಮುತ್ತ ಏನನ್ನೋ ಹುಡುಕಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಮ್ಮಾ, ಇದು ಯಾವ ಜಾಹೀರಾತು?"

ನನ್ನ ಹೆಂಡತಿ ಹೆಲ್ಮೆಟ್ ತೆಗೆದು ಮಗಳ ತಲೆಗೆ ಇಟ್ಟಳು. ಮನೆಯವರೆಗೂ ಅವಳನ್ನು ಎತ್ತಿಕೊಂಡೇ ನಡೆದಳು.

ಆದ್ದರಿಂದ ನನ್ನ ಬೇಡಿಕೆ ಇದು. ಜಾಹೀರಾತನ್ನು ನಿಲ್ಲಿಸಿದರೆ ಸಾಲದು. ಅದೇ ಹೊತ್ತಿನಲ್ಲಿ, ಅಷ್ಟೇ ಅವಧಿಗೆ, ನಮ್ಮ ಮಗಳ ಅಪ್ಪನನ್ನು ಒಲೆಯ ಮುಂದೆಯೂ ಅವಳಮ್ಮನನ್ನು ಕ್ರೇನಿನಲ್ಲಿಯೂ ತೋರಿಸಲು ಆಜ್ಞೆ ಮಾಡಿ. ಹಾಡು ಬೇಡ, ನಗು ಬೇಡ, ಬಾಣಲೆ ಬೇಕಾದರೆ ಇರಲಿ. ನಾವು ಹೇಳಿದರೆ ಅವಳು ನಂಬುತ್ತಿಲ್ಲ. ತನ್ನ ಕಣ್ಣಿಂದ ನೋಡಿದರೂ ನಂಬುತ್ತಿಲ್ಲ. ತಾವು ತೋರಿಸಿದರೆ ನಂಬುತ್ತಾಳೆ.

ಇಂತಿ,
ಒಲೆಯ ಮೇಲೆ ಹಾಲಿಟ್ಟು ಬಂದು ಇಷ್ಟನ್ನು ಬರೆದ,
ಅದು ಉಕ್ಕುವ ಮೊದಲು ಓಡಬೇಕಾದ
ಒಬ್ಬ ಅಪ್ಪ